ಆಟಿಕೆ ಕೊಳ್ಳುವ ಮುನ್ನ: ಯೋಚಿಸುವ ಕೆಲಸ ಯಾರದು?

ಮೈಸೂರಿನ ವಿದ್ಯಾರಣ್ಯಪುರಂನಿಂದ ನಂಜುಮಳಿಗೆಯ ಕಡೆಗೆ ಹೊರಟರೂ, ದಸರೆಯ ದಿನಗಳಲ್ಲಿ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋದರೂ ಆಟಿಕೆ ಅಂಗಡಿಯ ಮುಂದೆ ತಂದೆತಾಯಿಗೆ ಎದುರಾಗುವ ಗೊಂದಲ ಒಂದೇ. ಡಬ್ಬಿಯ ಮೇಲೆ ‘ಮಗುವಿನ ಬುದ್ಧಿ ಬೆಳೆಸುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ ಏರಿರುತ್ತದೆ. ಡಬ್ಬಿಯ ಮೇಲಿನ ಐಎಸ್‌ಐ ಗುರುತು ಆಟಿಕೆಯ ಸುರಕ್ಷತೆಗೆ ಸಂಬಂಧಿಸಿದ್ದು, ಬುದ್ಧಿಯ ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಆ ಬರಹವನ್ನು ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳುವುದು ವಾಸಿ: ಆಟ ನಡೆಯುವಾಗ ಕೆಲಸ ಮಾಡುವವರು ಯಾರು, ಆಟಿಕೆಯೋ ಮಗುವೋ? ಗುಂಡಿ ಒತ್ತಿದರೆ ಹಾಡುವ, ಬಣ್ಣದ ದೀಪ ಮಿನುಗಿಸುವ, ಎಬಿಸಿಡಿ ಒಪ್ಪಿಸುವ ಯಂತ್ರದ ಮುಂದೆ ಮಗುವಿಗೆ ಉಳಿಯುವ ಕೆಲಸವೆಂದರೆ ಮತ್ತೆ ಗುಂಡಿ ಒತ್ತುವುದು. ನಾಲ್ಕು ಮರದ ತುಂಡು ಕೊಟ್ಟರೆ ಅದು ಮನೆಯಾಗಬೇಕೋ ಸೇತುವೆಯಾಗಬೇಕೋ, ಬಿದ್ದರೆ ಯಾಕೆ ಬಿತ್ತು ಎಂಬುದನ್ನೆಲ್ಲ ಮಗುವೇ ನಿರ್ಧರಿಸಬೇಕು. ಕೈಗೆ ಬಂದ ಯಾವ ಆಟಿಕೆಗೂ, ಅದು ಐವತ್ತು ರೂಪಾಯಿಯದಾಗಲಿ ಐದು ಸಾವಿರದ್ದಾಗಲಿ, ಈ ಪ್ರಶ್ನೆ ಹೊಂದುತ್ತದೆ.

ಇದು ಬರೀ ಅಭಿರುಚಿಯ ಮಾತಲ್ಲ. ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ 10ರಿಂದ 16 ತಿಂಗಳಿನ 26 ಕೂಸುಗಳು ತಂದೆ ಅಥವಾ ತಾಯಿಯ ಜೊತೆ ಮನೆಯಲ್ಲಿ ಆಡುವಾಗಿನ ಮಾತನ್ನು ಧ್ವನಿಮುದ್ರಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯುನ್ಮಾನ ಆಟಿಕೆ ಇದ್ದಾಗ ದೊಡ್ಡವರು ಆಡಿದ ಮಾತು ಕಡಿಮೆ, ಮಗುವಿನ ತೊದಲಿಗೆ ಓಗೊಟ್ಟಿದ್ದೂ ಕಡಿಮೆ. ಸಾಂಪ್ರದಾಯಿಕ ಆಟಿಕೆ ಇದ್ದಾಗ ಮಾತು ಹೆಚ್ಚಿತ್ತು, ಚಿತ್ರಪುಸ್ತಕ ಇದ್ದಾಗ ಇನ್ನೂ ಹೆಚ್ಚು. ಆಟಿಕೆಯೇ ಮಾತಾಡುತ್ತಿದೆಯಲ್ಲ ಎಂದು ತಾಯಿ ಸುಮ್ಮನಾಗುತ್ತಾಳೆ. ಕೂಸು ಮಾತು ಕಲಿಯುವುದು ಮಾತ್ರ ತನಗೆ ಉತ್ತರ ಕೊಡುವ ಬಾಯಿಂದ. ಟೊಲಿಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಇನ್ನೊಂದು ಪುಟ್ಟ ಪ್ರಯೋಗದಲ್ಲಿ ಅಂಬೆಗಾಲು ದಾಟಿದ 36 ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಲಾಯಿತು. ನಾಲ್ಕೇ ಇದ್ದಾಗ ಒಂದೊಂದರ ಜೊತೆಗೂ ಹೆಚ್ಚು ಹೊತ್ತು ಕಳೆದರು, ಒಂದೇ ವಸ್ತುವನ್ನು ಹೆಚ್ಚು ಬಗೆಯಲ್ಲಿ ಬಳಸಿದರು. ಎರಡೂ ಸಣ್ಣ ಅಧ್ಯಯನಗಳು, ಅವನ್ನೇ ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರ ಕೊನೆಗೆ ಹೊರಡಿಸಿದ ಆಟಿಕೆ ಆಯ್ಕೆಯ ಸಲಹೆಯೂ ಇದೇ ದಿಕ್ಕಿನದು: ಸರಳವಾದದ್ದು ಇರಲಿ, ದೊಡ್ಡವರು ಜೊತೆಗೆ ಕೂರಲಿ. ಮನೆಯಲ್ಲಿ ಈಗಾಗಲೇ ಒಂದು ಬುಟ್ಟಿ ಆಟಿಕೆ ಇದ್ದರೆ ಮುಕ್ಕಾಲು ಪಾಲನ್ನು ಅಟ್ಟಕ್ಕೆ ಏರಿಸಿ, ಎರಡು ಮೂರು ವಾರಕ್ಕೊಮ್ಮೆ ಬದಲಾಯಿಸಿ. ಹೊಸದನ್ನು ಕೊಂಡಷ್ಟೇ ಪರಿಣಾಮ, ಖರ್ಚಿಲ್ಲ.

ಎರಡರಿಂದ ನಾಲ್ಕು ವರ್ಷದೊಳಗೆ ಬೇಕಾದದ್ದು ಜೋಡಿಸುವ, ಪೇರಿಸುವ, ಹೊಂದಿಸುವ ಸಾಮಾನು. ಷಿಕಾಗೊ ವಿಶ್ವವಿದ್ಯಾಲಯದ ಸೂಸನ್ ಲೆವೀನ್ ಮತ್ತು ಸಂಗಡಿಗರು 53 ಮಕ್ಕಳನ್ನು ಅವರವರ ಮನೆಯಲ್ಲೇ ಗಮನಿಸಿ 2012ರಲ್ಲಿ ಬರೆದ ವರದಿಯಂತೆ, ಎರಡರಿಂದ ನಾಲ್ಕರ ವಯಸ್ಸಿನಲ್ಲಿ ಚಿತ್ರದ ತುಂಡುಗಳನ್ನು ಜೋಡಿಸಿ ಆಡಿದ್ದ ಮಕ್ಕಳು ನಾಲ್ಕೂವರೆ ವರ್ಷದಲ್ಲಿ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಮುಂದಿದ್ದರು. ನಾಲ್ಕರಿಂದ ಏಳು ವರ್ಷದ 847 ಮಕ್ಕಳ ಮೇಲೆ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ವಾರಕ್ಕೆ ಆರಕ್ಕಿಂತ ಹೆಚ್ಚು ಸಲ ಇಂಥ ಆಟ ಆಡುವವರು ಆಕಾರ–ಅಂತರದ ತಿಳಿವಳಿಕೆಯಲ್ಲಿ ಮೇಲಿದ್ದರು. ಆಟದಿಂದ ಚುರುಕಾದರೋ, ಚುರುಕಾಗಿದ್ದವರು ಈ ಆಟವನ್ನೇ ಆರಿಸಿಕೊಂಡರೋ ಎಂಬುದನ್ನು ಇಂಥ ಅಧ್ಯಯನ ಬಿಡಿಸಿ ಹೇಳಲಾರದು. ಆದರೂ ನಷ್ಟವಿಲ್ಲದ ಬಾಜಿ ಇದು. ಚನ್ನಪಟ್ಟಣದ ಬಣ್ಣದ ಬಳೆಗಳ ಗೋಪುರ, ಅಡುಗೆಮನೆಯ ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳು, ಹಳೆಯ ಕ್ಯಾಲೆಂಡರಿನ ಚಿತ್ರವನ್ನು ರಟ್ಟಿಗೆ ಅಂಟಿಸಿ ಆರು ತುಂಡು ಮಾಡಿದ್ದು, ಯಾವುದಾದರೂ ಆಗುತ್ತದೆ. ಆಡುವಾಗ ‘ಮೇಲೆ’, ‘ಒಳಗೆ’, ‘ತಿರುಗಿಸು’, ‘ಮೂಲೆ ಎಲ್ಲಿ?’ ಎಂಬ ಮಾತು ದೊಡ್ಡವರ ಬಾಯಲ್ಲಿರಲಿ. ತುಂಡು ಕೂರದೆ ಮಗು ಗೊಣಗಿದ ತಕ್ಷಣ ಕೈಹಾಕಿ ಕೂರಿಸಿಬಿಡುವ ಅಜ್ಜ ಅಜ್ಜಿಯರ ಪ್ರೀತಿಗೆ ಸ್ವಲ್ಪ ಕಡಿವಾಣ ಬೇಕು.

ನಾಲ್ಕು ವರ್ಷ ತುಂಬಿದ ಮೇಲೆ ಸಂಖ್ಯೆಯ ಆಟಗಳ ಕಾಲ. ಇಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ. ಸಂಶೋಧಕರಾದ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಬಡ ಕುಟುಂಬಗಳ 124 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 1ರಿಂದ 10ರವರೆಗೆ ಸಾಲಾಗಿ ಅಂಕಿ ಬರೆದ ಹಾಸು, ಇನ್ನೊಂದಕ್ಕೆ ಅದೇ ಹಾಸು ಅಂಕಿಯ ಬದಲು ಬಣ್ಣಗಳಿರುವುದು. ಎರಡು ವಾರದಲ್ಲಿ ಇಪ್ಪತ್ತು ನಿಮಿಷದೊಳಗಿನ ನಾಲ್ಕೇ ಸರದಿ. ಅಂಕಿಯ ಹಾಸಿನಲ್ಲಿ ಆಡಿದವರು ಎಣಿಕೆ, ಅಂಕಿ ಗುರುತಿಸುವುದು, ಯಾವುದು ದೊಡ್ಡದು ಎಂದು ಹೇಳುವುದರಲ್ಲಿ ಮುಂದೆ ಬಂದರು, ಒಂಬತ್ತು ವಾರದ ನಂತರವೂ ಆ ಲಾಭ ಉಳಿದಿತ್ತು. ಮುಂದಿನ ವರ್ಷ ಅದೇ ಅಂಕಿಗಳನ್ನು ವೃತ್ತಾಕಾರದಲ್ಲಿ ಬರೆದು ನೋಡಿದಾಗ ಅಷ್ಟು ಫಲ ಸಿಗಲಿಲ್ಲ. ಅಂದರೆ ನಾಲ್ಕು ವರ್ಷದ ಮಗುವಿನ ಮುಂದೆ ನೂರು ಮನೆಯ, ಸಾಲುಸಾಲಿಗೆ ದಿಕ್ಕು ಬದಲಿಸುವ ಹಾವು–ಏಣಿ ಹಾಸಬೇಡಿ; ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ನೇರವಾಗಿ ಎಳೆಯಿರಿ. ಹಾವು–ಏಣಿಗೆ ಬಂದ ಮೇಲೆ ಒಂದು ಸಣ್ಣ ಶಿಸ್ತು: ಕಾಯಿ 25ರಲ್ಲಿದ್ದು ದಾಳದಲ್ಲಿ 3 ಬಿದ್ದರೆ ‘ಒಂದು, ಎರಡು, ಮೂರು’ ಎನ್ನದೆ ‘26, 27, 28’ ಎನ್ನುತ್ತಾ ಮನೆ ದಾಟಿಸಿ. ಹಾಗೆ ಮುಂದುವರಿಸಿ ಎಣಿಸಿದ ಮಕ್ಕಳೇ ಸಂಖ್ಯೆಗಳ ನಂಟನ್ನು ಹಿಡಿದರು ಎಂಬುದನ್ನು ಸೀಗ್ಲರ್ ಅವರ ನಂತರದ ಪ್ರಯೋಗವೊಂದು ತೋರಿಸಿತು.

ಐದಾರು ವರ್ಷ ದಾಟಿದ ಮಕ್ಕಳಿಗಾಗಿ ಮೈಸೂರಿನವರು ಆಟ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗ, ಗಂಜೀಫದ ಎಲೆಗಳು, ಪಗಡೆಯ ಬಗೆಗಳಲ್ಲಿ ತಾವೇ ಹೊಸ ಆಟ ಹೂಡಿದವರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಮೃಗಾಲಯದ ಎದುರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಹಳೆಯ ಮಣೆಯಾಟಗಳ ಪ್ರದರ್ಶನ ಮತ್ತು ಮಾರಾಟ ನಡೆಸಿಕೊಂಡು ಬಂದಿದೆ. ಪಗಡೆ ಹಾಸು, ಚೌಕಾಬಾರ, ಅಳಗುಳಿಮಣೆ, ಆಡು–ಹುಲಿ ಎಲ್ಲವನ್ನೂ ಅಲ್ಲಿ ಕೈಯಲ್ಲಿ ಹಿಡಿದು ನೋಡಬಹುದು. ನೋಡಿದ ಮೇಲೆ ಕೊಳ್ಳಲೇಬೇಕೆಂದಿಲ್ಲ. ಇವುಗಳಲ್ಲಿ ಬಹುಪಾಲು ಆಟಗಳನ್ನು ಹಿಂದಿನವರು ನೆಲದ ಮೇಲೆ ಗೆರೆ ಎಳೆದೇ ಆಡಿದ್ದು, ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿ ಆ ಗೆರೆಗಳು ಇಂದಿಗೂ ಇವೆ.

ಚೌಕಾಬಾರವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಇದನ್ನು ‘ಅದೃಷ್ಟದಾಟ’ ಎಂದು ತಳ್ಳಿಹಾಕುವವರೇ ಹೆಚ್ಚು. ಐದೈದು ಮನೆಯ ಚೌಕ, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಕಾಯಿ ಕೊನೆಗೆ ಸೇರಿ ‘ಹಣ್ಣಾಗುವ’ ಮನೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ದಿಕ್ಕಿಗೆ ಒಂದೊಂದು ಕಟ್ಟೆ. ಕಟ್ಟೆಯ ಮೇಲೆ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ನಾಲ್ಕು ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿದರಾಯಿತು. ಬಿಳಿ ಮುಖ ಎಷ್ಟು ಮೇಲೆ ಬಿತ್ತೋ ಅಷ್ಟು ಗರ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4. ಎಲ್ಲವೂ ಕಪ್ಪಾದರೆ ಬಾರ, ಅಂದರೆ 8. ಈ ಎರಡು ಬಿದ್ದವರಿಗೆ ಇನ್ನೊಂದು ಎಸೆತ. ಎರಡು ಮುಖವೂ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಬೀಜಗಳು ಬೀಳಬಹುದಾದ ಬಗೆ ಒಟ್ಟು 16. ಅದರಲ್ಲಿ 2 ಬೀಳುವ ಬಗೆ ಆರು, 1 ಬೀಳುವುದು ನಾಲ್ಕು, 3 ಬೀಳುವುದು ನಾಲ್ಕು, ಚೌಕ ಒಂದೇ, ಬಾರವೂ ಒಂದೇ. ಈಗ ಎದುರಾಳಿಯ ಕಾಯಿಯಿಂದ ಎರಡು ಮನೆ ಮುಂದೆ ನಿಮ್ಮ ಕಾಯಿಯನ್ನು ನಿಲ್ಲಿಸಿದರೆ ಮುಂದಿನ ಎಸೆತಕ್ಕೇ ಪೆಟ್ಟು ತಿನ್ನುವ ಸಂಭವ 16ರಲ್ಲಿ ಆರು. ನಾಲ್ಕು ಮನೆ ಮುಂದಿದ್ದರೆ 16ರಲ್ಲಿ ಒಂದು. ಐದು ಮನೆ ಮುಂದಿದ್ದರೆ ಒಂದೇ ಗರದಲ್ಲಿ ಹೊಡೆಯಲು ಸಾಧ್ಯವೇ ಇಲ್ಲ, ಚೌಕ ಬಿದ್ದು ಅದರ ಬೆನ್ನಿಗೆ ಒಂದು ಬೀಳಬೇಕು. ಏಳು ವರ್ಷದ ಮಗುವಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ‘ಎರಡರ ಮುಂದೆ ಕೂರಬಾರದು’ ಎಂಬುದನ್ನು ಕೆಲವು ದಿನದ ಆಟದಲ್ಲಿ ಅದೇ ಕಂಡುಕೊಳ್ಳುತ್ತದೆ. ಹನ್ನೊಂದು ವರ್ಷದವರಾದರೆ ಬೀಜಗಳನ್ನು ನೂರು ಸಲ ಎಸೆದು ಗೀಟು ಹಾಕಿ ಎಣಿಸಲಿ, ತಮ್ಮ ಬೀಜಗಳು ನಿಜಕ್ಕೂ ಸಮನಾಗಿ ಬೀಳುತ್ತವೆಯೋ ಇಲ್ಲವೋ ಪರೀಕ್ಷಿಸಲಿ. ಬಹುತೇಕ ಬೀಳುವುದಿಲ್ಲ, ಹಾಗೆ ಬೀಳದಿರುವುದರಲ್ಲೇ ಪಾಠವಿದೆ.

ಇನ್ನೊಂದು ನಿಯಮ ಇನ್ನೂ ಸೊಗಸು: ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೆದರಿ ಕಟ್ಟೆಯಲ್ಲೇ ಕುಳಿತವನ ಕಾಯಿ ಹಣ್ಣಾಗುವುದಿಲ್ಲ, ದುಡುಕಿ ಓಡಿಸಿದವನದು ಪೆಟ್ಟು ತಿಂದು ಮೊದಲಿಗೆ ಬರುತ್ತದೆ. ಪ್ರತಿ ಗರಕ್ಕೂ ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಲಿ ಎಂಬ ಆಯ್ಕೆ ಇದ್ದೇ ಇರುತ್ತದೆ. ಹಾವು–ಏಣಿಯಲ್ಲಿ ಅಂಥ ಆಯ್ಕೆ ಒಂದೂ ಇಲ್ಲ. ಅದು ಎಣಿಕೆ ಕಲಿಸಿ ನಿವೃತ್ತಿಯಾಗಬೇಕಾದ ಆಟ. ನಿಯಮಗಳು ಮನೆಮನೆಗೂ ಬೇರೆ ಎಂಬುದನ್ನು ಕೆಲವರು ಕೊರತೆ ಎನ್ನುತ್ತಾರೆ. ಆಟಕ್ಕೆ ಮೊದಲು ‘ನಮ್ಮನೇಲಿ ಜೋಡಿ ಕಾಯಿ ಹೊಡೆಯೋ ಹಾಗಿಲ್ಲ’, ‘ನಮ್ಮನೇಲಿ ಹೊಡೀಬಹುದು’ ಎಂದು ಮಕ್ಕಳು ಕಿತ್ತಾಡಿ ಒಂದು ಒಪ್ಪಂದಕ್ಕೆ ಬರುವ ಐದು ನಿಮಿಷವನ್ನು ನಾನಂತೂ ಆಟದ ಅತ್ಯುತ್ತಮ ಭಾಗವೆಂದೇ ಎಣಿಸುತ್ತೇನೆ. ದೊಡ್ಡವರು ನಡುವೆ ಬಂದು ತೀರ್ಪು ಕೊಡದಿದ್ದರೆ ಸಾಕು.

ಅದೃಷ್ಟವೇ ಬೇಡ ಎನ್ನುವವರಿಗೆ ಅಳಗುಳಿಮಣೆ ಇದೆ: ಹದಿನಾಲ್ಕು ಗುಳಿ, ಗುಳಿಗೆ ಸಾಮಾನ್ಯವಾಗಿ ನಾಲ್ಕೋ ಐದೋ ಬೀಜ. ಹಿಡಿ ತೆಗೆದು ಬಿತ್ತುತ್ತಾ ಹೋದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಮೊದಲೇ ಮನಸ್ಸಿನಲ್ಲಿ ಕಾಣಬೇಕು. ಇದನ್ನು ಹೆಂಗಸರ ಆಟವೆಂದು ಬದಿಗಿಟ್ಟು ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳ ಕೈಗೆ ಕೊಟ್ಟದ್ದೇ ಇಲ್ಲ, ಅವರಿಗಾದ ನಷ್ಟ. ಬೀಜದ ವಿಷಯದಲ್ಲಿ ಮಾತ್ರ ಎಚ್ಚರ. ಚೆಂದವೆಂದು ಗುಲಗಂಜಿ ಹಾಕಿ ಆಡುವ ರೂಢಿ ಹಲವೆಡೆ ಇದೆ, ಆದರೆ ಅಗಿದು ನುಂಗಿದರೆ ಗುಲಗಂಜಿ ಕಡುವಿಷ. ಚಿಕ್ಕವರಿರುವ ಮನೆಯಲ್ಲಿ ಹುಣಸೆ ಬೀಜವೂ ಮೂರು ವರ್ಷದ ಒಳಗಿನವರ ಕೈಗೆ ಸಿಗದಿರಲಿ. ಎಂಟು ದಾಟಿದವರಿಗೆ ಆಡು–ಹುಲಿ. ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ತಿನ್ನುತ್ತದೆ, ಆಡು ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕುತ್ತದೆ. ಎರಡು ಪಕ್ಷದ ಬಲವೂ ಗುರಿಯೂ ಬೇರೆ ಬೇರೆ. ಒಮ್ಮೆ ಹುಲಿಯಾಗಿ ಆಡಿದವರು ಮುಂದಿನ ಆಟಕ್ಕೆ ಆಡಾಗಲೇಬೇಕೆಂದು ನಿಯಮ ಮಾಡಿ. ಎದುರಿಗಿರುವವರ ಕಣ್ಣಿನಿಂದ ಹಾಸನ್ನು ನೋಡುವುದನ್ನು ಇದರಷ್ಟು ಚೆನ್ನಾಗಿ ಕಲಿಸುವ ಆಟ ಕಡಿಮೆ.

ಇಲ್ಲಿಗೆ ಬಂದಾಗ ಒಂದು ಆಕ್ಷೇಪಣೆ ಏಳಲೇಬೇಕು. ಹಳೆಯದೆಲ್ಲ ಚಿನ್ನವೆಂಬ ಹಂಬಲದ ಮಾತಲ್ಲವೇ ಇದು, ಅಳಗುಳಿಮಣೆ ಆಡಿದ ಮಾತ್ರಕ್ಕೆ ಶಾಲೆಯ ಗಣಿತ ಬರುತ್ತದೆಯೇ? ಬರುವುದಿಲ್ಲ. ‘ಸಾಂಪ್ರದಾಯಿಕ ಆಟ ಆಡಿದರೆ ಗಣಿತ ತಾನಾಗಿ ಬರುತ್ತದೆ’ ಎಂಬುದೂ ಡಬ್ಬಿಯ ಮೇಲಿನ ಬರಹದಂಥದ್ದೇ ಜಾಹೀರಾತು. ಬುದ್ಧಿವಂತರ ಆಟವೆಂದು ಹೆಸರಾದ ಚೆಸ್ಸಿನ ಕಥೆಯನ್ನೇ ನೋಡಿ: ಇಂಗ್ಲೆಂಡಿನ 100 ಶಾಲೆಗಳಲ್ಲಿ ಸುಮಾರು 4,000 ಮಕ್ಕಳನ್ನು ಒಳಗೊಂಡು ನಡೆದ ದೊಡ್ಡ ಪರೀಕ್ಷೆಯ ವರದಿ 2016ರಲ್ಲಿ ಬಂತು. ಒಂದು ವರ್ಷದ ನಂತರ ಅಳೆದಾಗ ಚೆಸ್ ಕಲಿತವರ ಗಣಿತಕ್ಕೂ ಕಲಿಯದವರ ಗಣಿತಕ್ಕೂ ವ್ಯತ್ಯಾಸ ಕಾಣಲಿಲ್ಲ. ನಮ್ಮ ದೇಶದಲ್ಲೇ ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮುಂತಾದ ಸಂಶೋಧಕರು ದೆಹಲಿಯ ಶಾಲಾಪೂರ್ವ ಕೇಂದ್ರಗಳ 1,540 ಮಕ್ಕಳಲ್ಲಿ ಒಂದು ಗುಂಪಿಗೆ ಸಂಖ್ಯೆ ಮತ್ತು ಆಕಾರದ ಆಟ ಆಡಿಸಿ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮಕ್ಕಳ ಅಂದಾಜು, ಆಕಾರದ ಪ್ರಜ್ಞೆ ಹರಿತವಾಯಿತು, ಅದು ಬಹುಕಾಲ ಉಳಿಯಿತು ಕೂಡ. ಆದರೆ ಶಾಲೆಯಲ್ಲಿ ಬರೆಯುವ ಗಣಿತಕ್ಕೆ ಅದು ದಾಟಲಿಲ್ಲ.

ಈ ಫಲಿತಾಂಶದಿಂದ ‘ಆಟ ವ್ಯರ್ಥ’ ಎಂದು ತೀರ್ಮಾನಿಸುವುದು ಅವಸರ. ರಮಣಿ–ಸೀಗ್ಲರ್ ಪ್ರಯೋಗ ಫಲಿಸಿದ್ದು ಏಕೆಂದು ನೋಡಿದರೆ ಎಳೆ ಸಿಗುತ್ತದೆ: ಅಲ್ಲಿ ಅಂಕಿ ಹಾಸಿನ ಮೇಲೇ ಬರೆದಿತ್ತು, ಮಗು ಪ್ರತಿ ನಡೆಗೂ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಆಟ ಏನನ್ನು ಮಾಡಿಸುತ್ತದೋ ಅದೇ ಬೆಳೆಯುತ್ತದೆ, ಮಾಡಿಸದ್ದು ಬೆಳೆಯುವುದಿಲ್ಲ. ಹಾಗಾಗಿ ಬರೆಯುವ ಲೆಕ್ಕವೂ ಬೇಕೆನಿಸಿದರೆ ಅದನ್ನು ಆಟದೊಳಕ್ಕೇ ತನ್ನಿ. ಅಳಗುಳಿಮಣೆಯಲ್ಲಿ ಗೆದ್ದ ಬೀಜವನ್ನು ಸ್ಲೇಟಿನ ಮೇಲೆ ಮಗುವೇ ಬರೆಯಲಿ, ಮೂರು ಆಟದ ಮೊತ್ತ ಕೂಡಿಸಲಿ, ಅಕ್ಕನಿಗಿಂತ ಎಷ್ಟು ಕಡಿಮೆ ಎಂದು ಕಳೆಯಲಿ. 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ ಕಲಿ’ ಕಲಿಕಾ ಪದ್ಧತಿಯೂ ಆಟವನ್ನು ಕಾರ್ಡು, ಬರವಣಿಗೆಗಳ ಜೊತೆ ಮೆಟ್ಟಿಲು ಮೆಟ್ಟಿಲಾಗಿ ಹೆಣೆದದ್ದೇ ಹೊರತು ಬರೀ ಆಡಿಸಿ ಬಿಟ್ಟದ್ದಲ್ಲ. ಇನ್ನು ಯೋಚಿಸಿ ನಡೆಯುವುದು, ಸರದಿ ಕಾಯುವುದು, ಸೋತು ಮತ್ತೆ ಹಾಸು ಹಾಕುವುದು ಇವೆಲ್ಲ ಅಂಕಪಟ್ಟಿಗೆ ದಾಟದಿದ್ದರೂ ಇರಬೇಕಾದವು.

ಕವಡೆ ಎಸೆಯುವುದು ಜೂಜಿಗೆ ದಾರಿಯಲ್ಲವೇ ಎಂದು ಕೇಳುವ ಹಿರಿಯರಿದ್ದಾರೆ. ಪಣವಿಲ್ಲದೆ ಜೂಜಿಲ್ಲ, ದುಡ್ಡು, ಚಾಕೊಲೇಟು ಯಾವುದನ್ನೂ ಒಡ್ಡದಿದ್ದರೆ ಮುಗಿಯಿತು. ಮೊಬೈಲಿನಲ್ಲೇ ಲೂಡೊ ಇದೆಯಲ್ಲ ಎಂಬ ಮಾತಿಗೆ ಉತ್ತರ ಸ್ವಲ್ಪ ಉದ್ದ. ಫೋನು ತಾನೇ ದಾಳ ಎಸೆಯುತ್ತದೆ, ತಾನೇ ಎಣಿಸುತ್ತದೆ, ಎಲ್ಲಿಗೆ ನಡೆಯಬಹುದು ಎಂದು ಮಿನುಗಿಸಿ ತೋರಿಸುತ್ತದೆ, ಮೋಸ ಮಾಡಲೂ ಬಿಡುವುದಿಲ್ಲ. ಮಗು ಮಾಡಬೇಕಿದ್ದ ಕೆಲಸಗಳಲ್ಲಿ ಬಹುಪಾಲು ಅದರದಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದಿತು. ದೊಡ್ಡ ಮಕ್ಕಳು ಕಂಪ್ಯೂಟರಿನಲ್ಲಿ ತಾವೇ ಆಟ ಕಟ್ಟುವುದಾದರೆ ನನ್ನ ತಕರಾರಿಲ್ಲ, ಅಲ್ಲಿ ಕೆಲಸ ಮಕ್ಕಳದೇ. ಸಮಯವೆಲ್ಲಿದೆ ಎಂಬ ದೂರು ಮಾತ್ರ ನಿಜವಾದದ್ದು. ಇಬ್ಬರೂ ದುಡಿಯುವ ಮನೆಯಲ್ಲಿ ದಿನಾ ಜೊತೆಗೆ ಕೂರುವುದಾಗದು. ರಮಣಿ–ಸೀಗ್ಲರ್ ಪ್ರಯೋಗದಲ್ಲಿ ಎರಡು ವಾರಕ್ಕೆ ನಾಲ್ಕು ಸರದಿ ಸಾಕಾಗಿದ್ದನ್ನು ಇಲ್ಲಿ ನೆನೆಯಬೇಕು. ಉಳಿದ ದಿನಗಳಿಗೆ ಬೀದಿಯ ಮಕ್ಕಳು, ಪಕ್ಕದ ಮನೆಯ ಅಜ್ಜಿ ಇದ್ದಾರೆ, ಮತ್ತು ಅಜ್ಜಿಗೆ ನಮಗಿಂತ ಚೆನ್ನಾಗಿ ಆಟ ಬರುತ್ತದೆ.

ಕೊಳ್ಳಲು ಹೋದಾಗ ನೋಡಬೇಕಾದ್ದು ಇಷ್ಟು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಭೌಗೋಳಿಕ ಗುರುತಿನ ನೋಂದಣಿ ಇರುವ ವಸ್ತುಗಳಿಗೂ ವಿನಾಯಿತಿ ಇದೆ, ಆದ್ದರಿಂದ ಚನ್ನಪಟ್ಟಣದ ಬೊಂಬೆಯ ಮೇಲೆ ಗುರುತು ಕಾಣದಿದ್ದರೆ ಗಾಬರಿಯಾಗಬೇಡಿ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹತ್ತಿಸಿದ್ದೋ, ಮೇಲೆ ಬಳಿದ ಪೇಂಟೋ ಎಂದು ಕೇಳಿ. ಕಾವೇರಿ ಎಂಪೋರಿಯಂನಂಥ ಕಡೆ ಕೊಂಡರೆ ಈ ಅನುಮಾನ ಕಡಿಮೆ. ಮೂರು ವರ್ಷದೊಳಗಿನವರಿಗೆ ಸುಮಾರು ಮೂರು ಸೆಂಟಿಮೀಟರಿಗಿಂತ ಚಿಕ್ಕ ತುಂಡುಗಳಿರುವ ಯಾವುದೂ ಬೇಡ. ಗುಂಡಿಯಾಕಾರದ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ಆಟಿಕೆಯನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ, ಏಕೆಂದರೆ ನುಂಗಿದ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಬಲವಾದ ಪುಟ್ಟ ಅಯಸ್ಕಾಂತದ ಗುಂಡುಗಳದೂ ಅಷ್ಟೇ ಅಪಾಯ. ಡಬ್ಬಿಯ ಮೇಲಿನ ವಯಸ್ಸು ಸುರಕ್ಷತೆಗೆ ಹಾಕಿದ್ದು. ‘ನಮ್ಮ ಮಗು ಚುರುಕು’ ಎಂದು ಐದು ವರ್ಷದವರದನ್ನು ಎರಡು ವರ್ಷದವರಿಗೆ ಕೊಡುವುದು ತಪ್ಪು.

ಎರಡು ವರ್ಷವಾದರೂ ಕೂಸು ಎರಡು ಪದ ಕೂಡಿಸಿ ಆಡುತ್ತಿಲ್ಲ, ಕರೆದರೆ ತಿರುಗುತ್ತಿಲ್ಲ, ಆಟಿಕೆಯನ್ನು ಸದಾ ಒಂದೇ ರೀತಿ ಉರುಳಿಸುತ್ತಾ ಕೂರುತ್ತದೆ ಎಂದಾದರೆ ಇನ್ನೊಂದು ಆಟಿಕೆ ಕೊಂಡು ಕಾಯಬಾರದು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ವಿದ್ಯಾರಣ್ಯಪುರಂನಿಂದ ಆಟೊ ದೂರದಲ್ಲಿದೆ. ಅಲ್ಲಿ ಮೊದಲು ಕಿವಿ, ನಂತರ ಮಾತಿನ ಪರೀಕ್ಷೆ ಮಾಡಿ, ಮಗುವಿಗೆ ಯಾವ ಆಟ ಎಷ್ಟು ಹೊತ್ತು ಎಂದು ಅವರೇ ಹೇಳಿಕೊಡುತ್ತಾರೆ.